ಕಂತಿನ ಲೆಕ್ಕ ಗೊತ್ತು, ಗೇರ್‌ಬಾಕ್ಸಿನ ಎಣ್ಣೆಯ ಲೆಕ್ಕ?

ಊರಿನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12 ಇದ್ದದ್ದು ಶೇ 5ಕ್ಕೆ ಇಳಿಯಿತು. ಆಮೇಲೆ ಭಾನುವಾರ ಟೆಕ್ಕಾ ಕಡೆ ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಮಾತು ಅಲ್ಲಿಗೇ ಬರುತ್ತೆ. "ಊರಿಗೊಂದು ಮಿನಿ ಟ್ರ್ಯಾಕ್ಟರ್ ಕೊಡಿಸಿಬಿಡೋಣ ಅಂತಿದೀನಿ, ಕಂತು ಎಷ್ಟು ಬೀಳುತ್ತೆ ಸ್ವಲ್ಪ ಲೆಕ್ಕ ಹಾಕಿ ಹೇಳ್ರಿ." ನಾವು ಲೆಕ್ಕ ಬರೆಯೋ ಕೆಲಸದವರು, ಹಾಗಾಗಿ ಈ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತೆ. ಮುಂಗಡ ಇಷ್ಟು, ಬಡ್ಡಿ ಇಷ್ಟು, ಇಷ್ಟು ವರ್ಷಕ್ಕೆ ಇಷ್ಟು ಕಂತು ಅಂತ ಫೋನಿನಲ್ಲೇ ಒತ್ತಿ ಹೇಳಿಬಿಡಬಹುದು. ಅದು ಸುಲಭ.

ಆದರೆ ಇತ್ತೀಚೆಗೆ ನಾವು ಒಂದು ಮರುಪ್ರಶ್ನೆ ಕೇಳೋ ರೂಢಿ ಮಾಡಿಕೊಂಡಿದ್ದೇವೆ. "ಅದರ ಗೇರ್‌ಬಾಕ್ಸಿನ ಎಣ್ಣೆ ಯಾರು ನೋಡ್ತಾರೆ?"

ಕೇಳಿದವರು ನಗ್ತಾರೆ. ಇನ್ನೂ ಗಾಡಿನೇ ಬಂದಿಲ್ಲ, ಎಣ್ಣೆ ಮಾತು ಯಾಕೆ ಅಂತಾರೆ. ಅದಕ್ಕೇ ಈ ತಿಂಗಳು ಇದನ್ನೇ ಬರೆಯೋಣ ಅನ್ನಿಸಿತು. ಗಾಡಿ ಈಗಾಗಲೇ ಮನೆ ಮುಂದೆ ನಿಂತಿರುವವರಿಗೂ ಇದು ಬೇಕು, ಕೊಡಿಸಬೇಕು ಅಂತ ದುಡ್ಡು ಕೂಡಿಸ್ತಿರೋರಿಗೂ ಬೇಕು.

ಮಿನಿ ಟ್ರ್ಯಾಕ್ಟರ್ ಅಂದರೆ ನಾವು ಹೇಳ್ತಿರೋದು 15ರಿಂದ 30 ಎಚ್‌ಪಿ ಒಳಗಿನ ಸಣ್ಣ ಗಾಡಿ. ವಿಎಸ್‌ಟಿ ಶಕ್ತಿ, ಮಹೀಂದ್ರಾ ಯುವರಾಜ್, ಕುಬೋಟಾ ನಿಯೋಸ್ಟಾರ್ ಇಂಥವು. ವಿಎಸ್‌ಟಿ ನಮ್ಮ ಬೆಂಗಳೂರಿನಲ್ಲೇ 1967ರಲ್ಲಿ ಶುರುವಾದ ಕಂಪನಿ. ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದಲ್ಲಿ ಪವರ್ ಟಿಲ್ಲರ್ ಮಾಡಿತು, ಆಮೇಲೆ ಸಣ್ಣ ಟ್ರ್ಯಾಕ್ಟರ್‌ಗೂ ಬಂತು. ಈಗಲೂ ಹಳ್ಳಿಗಳಲ್ಲಿ ಹಳಬರು ಅದನ್ನು "ಮಿತ್ಸುಬಿಷಿ" ಅಂತಲೇ ಕರೀತಾರೆ. ವಿಜಯಪುರದ ದ್ರಾಕ್ಷಿ ಸಾಲುಗಳ ನಡುವೆ, ಚನ್ನಗಿರಿಯ ಅಡಿಕೆ ತೋಟದೊಳಗೆ, ಕೋಲಾರದ ಟೊಮೆಟೊ ಹೊಲದಲ್ಲಿ ದೊಡ್ಡ ಗಾಡಿ ತಿರುಗೋಲ್ಲ, ಇದು ತಿರುಗುತ್ತೆ. ಎತ್ತು ಸಾಕೋಕೆ ಆಗದ ಮನೆಗೆ, ಆಳು ಸಿಗದ ಊರಿಗೆ, ಮಗ ಸಿಂಗಪುರದಲ್ಲಿರೋ ಅಪ್ಪನಿಗೆ ಇದು ದೊಡ್ಡ ಆಸರೆ. ನಮ್ಮ ಎಷ್ಟೋ ಮನೆಗಳಲ್ಲಿ ಮಗನ ಬದಲು ಹೊಲದಲ್ಲಿ ದುಡೀತಿರೋದು ಈ ಗಾಡಿನೇ.

ಎಂಜಿನ್ ಆಯಿಲ್ ವಿಷಯ ಎಲ್ಲರಿಗೂ ಗೊತ್ತು. ಬೈಕ್ ಓಡಿಸಿದ ಕೈಗೆ ಅದು ಹೊಸದಲ್ಲ. ಗೇರ್‌ಬಾಕ್ಸಿನ ಎಣ್ಣೆ ಹಾಗಲ್ಲ. ಡ್ರೈವರ್ ಸೀಟಿನ ಕೆಳಗೆ, ಎರಡು ಹಿಂದಿನ ಗಾಲಿಗಳ ನಡುವೆ ಇರುವ ಆ ದಪ್ಪ ಬೀಡಿನ ಪೆಟ್ಟಿಗೆಯಲ್ಲಿ ಅದು ಮುಚ್ಚಿಕೊಂಡಿರುತ್ತೆ. ಬಹಳಷ್ಟು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಆ ಒಂದೇ ಎಣ್ಣೆ ಮೂರು ನಾಲ್ಕು ಕೆಲಸ ಮಾಡುತ್ತೆ. ಗೇರ್ ಹಲ್ಲುಗಳು ಒಂದಕ್ಕೊಂದು ಉಜ್ಜದ ಹಾಗೆ ನಡುವೆ ಪದರವಾಗಿ ನಿಲ್ಲುತ್ತೆ. ಹಿಂದಿನ ಡಿಫರೆನ್ಷಿಯಲ್ಲನ್ನೂ ಬೇರಿಂಗ್‌ಗಳನ್ನೂ ತೋಯಿಸುತ್ತೆ. ಆ ಎಣ್ಣೆಯನ್ನೇ ಪಂಪು ಎಳೆದುಕೊಂಡು ರೋಟವೇಟರ್, ಕುಂಟೆ ಎತ್ತುವ ಹೈಡ್ರಾಲಿಕ್ ಲಿಫ್ಟಿಗೆ ಒತ್ತಡ ಕೊಡುತ್ತೆ. ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಮಾದರಿಯಾದರೆ ಬ್ರೇಕಿನ ಬಿಸಿಯನ್ನೂ ಅದೇ ಹೀರಿಕೊಳ್ಳುತ್ತೆ. ಕೆಲವು ಮಾದರಿಗಳಲ್ಲಿ ಲಿಫ್ಟಿಗೆ ಬೇರೆ ಎಣ್ಣೆ, ಗೇರ್‌ಬಾಕ್ಸಿಗೆ ಬೇರೆ ಎಣ್ಣೆ ಇರುತ್ತೆ. ನಮ್ಮದು ಯಾವ ಥರ ಅನ್ನೋದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ. ಆ ಪುಸ್ತಕ ಎಲ್ಲಿದೆ ಅಂತ ಮನೆಗೆ ಫೋನ್ ಮಾಡಿ ಒಂದು ಸಲ ಕೇಳಿ ನೋಡಿ. ಬಹಳ ಮನೆಗಳಲ್ಲಿ ಅದು ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಟ್ರಂಕಿನೊಳಗೆ ಭದ್ರವಾಗಿರುತ್ತೆ. ಭದ್ರವಾಗಿ ಅಂದರೆ ಯಾರೂ ಬಿಚ್ಚದ ಹಾಗೆ.

ಈ ಎಣ್ಣೆ ಹಾಳಾದರೆ ಗಾಡಿ ಅವತ್ತೇ ನಿಲ್ಲೋದಿಲ್ಲ. ತೊಂದರೆ ಇರೋದೇ ಇಲ್ಲಿ. ಟೈರ್ ಪಂಕ್ಚರ್ ಆದರೆ ಕಣ್ಣಿಗೆ ಕಾಣುತ್ತೆ, ಬ್ಯಾಟರಿ ಇಳಿದರೆ ಸ್ಟಾರ್ಟ್ ಆಗೋಲ್ಲ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆಯಾದರೂ, ನೀರು ಬೆರೆತರೂ, ಗಾಡಿ ಒಂದು ಹಂಗಾಮು ಹಾಗೇ ಓಡುತ್ತೆ. ಒಳಗೆ ಬೇರಿಂಗ್ ಸವೀತಾ ಇರುತ್ತೆ. ಹೊರಗೆ ಗೊತ್ತಾಗೋ ಹೊತ್ತಿಗೆ ಗಾಡಿಯನ್ನು ನಡುವೆ ಬಿಚ್ಚಬೇಕಾಗಿರುತ್ತೆ. ಅದೂ ಎಲ್ಲರಿಗೂ ಗಾಡಿ ಬೇಕಾದ ಬಿತ್ತನೆ ಸಮಯದಲ್ಲೇ.

ನಮ್ಮ ಭಾನುವಾರದ ಗುಂಪಿನಲ್ಲಿ ಹಾನಗಲ್ ಕಡೆಯ ಒಬ್ಬ ಗೆಳೆಯನಿದ್ದಾನೆ. ಜುರಾಂಗ್‌ನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾನೆ. ಇಲ್ಲಿ ಫೋರ್ಕ್‌ಲಿಫ್ಟ್ ಓಡಿಸೋದು ಸುಮ್ಮನೆ ಅಲ್ಲ ಅನ್ನೋದು ನಿಮಗೆಲ್ಲ ಗೊತ್ತು. ತರಬೇತಿ ಆಗಿರಬೇಕು, ಕೆಲಸ ಶುರು ಮಾಡೋ ಮೊದಲು ಗಾಡಿ ಸುತ್ತ ಒಂದು ಸುತ್ತು ಬರಬೇಕು. ಟೈರು, ಬ್ರೇಕು, ಹಾರ್ನು, ಚೈನು, ಹೈಡ್ರಾಲಿಕ್ ಎಣ್ಣೆ, ಕೆಳಗೆ ಎಲ್ಲಾದರೂ ಸೋರಿದೆಯಾ, ಎಲ್ಲ ನೋಡಿ ಹಾಳೆಯಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಅವನು ವರ್ಷಗಳಿಂದ ದಿನಾ ಇದನ್ನು ಮಾಡ್ತಾ ಬಂದಿದ್ದಾನೆ. ಊರಲ್ಲಿ ಅವನ ದುಡ್ಡಿನಲ್ಲೇ ತಗೊಂಡ ಮಿನಿ ಟ್ರ್ಯಾಕ್ಟರ್ ಇದೆ, ಅದನ್ನು ನೋಡಿಕೊಳ್ಳೋದು ಅವನ ತಮ್ಮ. ತಮ್ಮ ಒಳ್ಳೆ ದುಡಿಮೆಗಾರ. ತಮ್ಮ ಹೊಲದ ಕೆಲಸದ ಜೊತೆ ಊರವರ ಗದ್ದೆಗೂ ಬಾಡಿಗೆಗೆ ಹೋಗ್ತಾನೆ.

ಕಳೆದ ಮಳೆಗಾಲದಲ್ಲಿ ಫೋನಿನಲ್ಲಿ ಮಾತು ಹೀಗೆ ನಡೆಯಿತಂತೆ.

"ಗೇರ್‌ಬಾಕ್ಸಿನ ಎಣ್ಣಿ ನೋಡಿಯೇನ್ಲೇ?"

"ನೋಡೀನಿ."

"ಎಷ್ಟೈತಿ?"

"ಐತಿ."

"ಐತಿ ಅಂದ್ರ? ಕಡ್ಡಿ ತಗದು ನೋಡಿಯೋ ಇಲ್ಲೋ?"

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಯಣ್ಣಾ, ನೀ ರೊಕ್ಕ ಕಳಸ್ತಿ ಅಂತ ದಿನಾ ಲೆಕ್ಕಾ ಕೇಳಬ್ಯಾಡ. ನಂಬಿಕಿ ಇಲ್ಲಂದ್ರ ನೀನ ಬಂದು ನಡಸು." ಫೋನ್ ಕಟ್. ಮುಂದಿನ ಎರಡು ಭಾನುವಾರ ತಮ್ಮ ಫೋನ್ ಎತ್ತಲೇ ಇಲ್ಲ.

ಈ ಮಾತು ಕೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ನಗಲಿಲ್ಲ. ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಆಗಿದ್ದೇ ಅದು. ಬಾವಿ ಮೋಟರ್ ಇರಲಿ, ಮನೆ ಕಟ್ಟಿಸೋದಿರಲಿ, ಆಕಳು ಇರಲಿ, ದೂರದಿಂದ ಕೇಳಿದ್ದೆಲ್ಲ ಅಲ್ಲಿಯವರ ಕಿವಿಗೆ ಆಡಿಟ್ ಥರ ಬೀಳುತ್ತೆ. ದುಡ್ಡು ಕಳಿಸೋರು ನಾವು, ಬಿಸಿಲಲ್ಲಿ ನಿಲ್ಲೋರು ಅವರು. ಇಬ್ಬರ ಮನಸ್ಸಿನಲ್ಲೂ ಸ್ವಲ್ಪ ನೋವಿರುತ್ತೆ. ಎಣ್ಣೆ ಮಾತು ತೆಗೆದರೆ ಆ ನೋವೇ ಮೊದಲು ಹೊರಗೆ ಬರುತ್ತೆ.

ಕೊನೆಗೆ ದಾರಿ ತೋರಿಸಿದ್ದು ತಮ್ಮನ ಹೆಂಡತಿ. "ಬಾವಾರ, ಗಾಡಿ ರೋಟವೇಟರ್ ಎತ್ತೂಮುಂದ ನಡಗಾಕತ್ತೈತಿ, ಇವ್ರು ಹೇಳವಲ್ರು" ಅಂತ ಒಂದು ವಿಡಿಯೊ ಕಳಿಸಿದಳು. ಲಿಫ್ಟಿನ ತೋಳು ಒಂದೇ ಸಮ ಮೇಲೇಳದೆ ತಡೆತಡೆದು ಏಳ್ತಿತ್ತು. ಅವಳೇ ಕಡ್ಡಿ ತೆಗೆದು ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನಿನ ಮೇಲೆ ಒರೆಸಿ ಫೋಟೊ ಹಾಕಿದಳು. ಎಣ್ಣೆ ಚಹಾದ ಬಣ್ಣ. ಹಾಲು ಹಾಕಿದ ಚಹಾ.

ಗೆಳೆಯ ಈ ಸಲ ಬೈಯಲಿಲ್ಲ, ಪ್ರಶ್ನೆ ಕೂಡ ಕೇಳಲಿಲ್ಲ. ತಾನು ದಿನಾ ತುಂಬುವ ಹಾಳೆಯ ಒಂದು ಖಾಲಿ ಪ್ರತಿಯನ್ನು ಫೋನಿಗೆ ಹಿಡಿದು ತಮ್ಮನಿಗೆ ತೋರಿಸಿದ. "ನೋಡಪಾ, ಇಲ್ಲಿ ನನಗೂ ದಿನಾ ಕೇಳ್ತಾರ. ಇದರಾಗ ಸಹಿ ಮಾಡದ ಚಾವಿ ಕೊಡಂಗಿಲ್ಲ. ನಾ ಕಳ್ಳ ಅಂತಲ್ಲ, ಯಂತ್ರಕ್ಕ ಬಾಯಿಲ್ಲ ಅಂತ." ತಮ್ಮ ಸ್ವಲ್ಪ ಹೊತ್ತು ನೋಡಿ, "ದಿನಾ ಇಷ್ಟು ಬರೀತಿಯೇನು?" ಅಂದನಂತೆ. ಅಷ್ಟೇ ಮಾತು. ಮಾರನೇ ದಿನ ಮೆಕ್ಯಾನಿಕ್ಕನ್ನು ಕರೆಸಿದ.

ಮೆಕ್ಯಾನಿಕ್ ಕಂಡುಹಿಡಿದದ್ದು ಸಣ್ಣ ವಿಷಯ. ಗೇರ್ ಲಿವರ್ ಬುಡದಲ್ಲಿರುವ ರಬ್ಬರ್ ಟೋಪಿ ಹರಿದಿತ್ತು. ಗಾಡಿ ಮಳೆಯಲ್ಲಿ ಬಯಲಲ್ಲೇ ನಿಂತಿರ್ತಿತ್ತು. ಲಿವರ್ ಗುಂಟ ಇಳಿದ ನೀರು ಸೀದಾ ಗೇರ್‌ಬಾಕ್ಸಿಗೆ. ಜೊತೆಗೆ ಒಳಗಿನ ಗಾಳಿ ಹೊರಗೆ ಹೋಗೋಕೆ ಇರುವ ಬ್ರೀದರ್ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಎಣ್ಣೆ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ಹಾಕಿ ಸ್ವಲ್ಪ ಓಡಿಸಿ, ಒಳಗೆ ಉಳಿದಿದ್ದ ನೀರಿನ ಅಂಶ ಹೋಗಲಿ ಅಂತ ಮತ್ತೊಮ್ಮೆ ಬದಲಿಸಿದರು. ಗೇರು, ಬೇರಿಂಗ್ ಉಳಿದುಕೊಂಡವು. ಇನ್ನೊಂದು ಹಂಗಾಮು ಹಾಗೇ ಓಡಿಸಿದ್ದರೆ ಉಳೀತಿರಲಿಲ್ಲ ಅಂತ ಮೆಕ್ಯಾನಿಕ್ ಹೇಳಿದ. ಲಿಫ್ಟ್ ಈಗ ನಡುಗೋದಿಲ್ಲ.

ಇನ್ನು ನೋಡೋದು ಹೇಗೆ ಅನ್ನೋದು. ಇದನ್ನು ಊರಿಗೆ ಹಾಗೇ ಓದಿ ಹೇಳಬಹುದು, ಫೋಟೊ ತೆಗೆದು ಕಳಿಸಲೂಬಹುದು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಕಣ ಒಳ್ಳೆಯದು, ಇಳಿಜಾರಿನ ಅಂಗಳ ಬೇಡ. ವಾಲಿದ ಗಾಡಿಯಲ್ಲಿ ಕಡ್ಡಿ ಸುಳ್ಳು ಹೇಳುತ್ತೆ. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಪಿಟಿಓ ಬಂದ್ ಮಾಡಿ, ರೋಟವೇಟರ್ ಇದ್ದರೆ ಪೂರ್ತಿ ನೆಲಕ್ಕೆ ಇಳಿಸಬೇಕು. ಲಿಫ್ಟ್ ಮೇಲೆ ಇದ್ದರೆ ಸ್ವಲ್ಪ ಎಣ್ಣೆ ಅದರ ಸಿಲಿಂಡರಿನಲ್ಲೇ ಉಳಿದು ಕಡ್ಡಿಯಲ್ಲಿ ಕಡಿಮೆ ತೋರಿಸುತ್ತೆ. ಅದನ್ನು ನಂಬಿ ಮೇಲೆ ಸುರಿದರೆ ಎಣ್ಣೆ ಜಾಸ್ತಿಯಾಗುತ್ತೆ. ಎಂಜಿನ್ ನಿಲ್ಲಿಸಿ, ಎಣ್ಣೆ ಕೆಳಗೆ ಇಳಿಯೋಕೆ ಸಮಯ ಕೊಡಬೇಕು. ಬೆಳಿಗ್ಗೆ ಗಾಡಿ ಎಬ್ಬಿಸೋ ಮೊದಲು ನೋಡೋದು ಎಲ್ಲಕ್ಕಿಂತ ಅನುಕೂಲ.

ಕಡ್ಡಿ ತೆಗೆಯೋ ಮೊದಲು ಅದರ ಸುತ್ತ ಇರೋ ಮಣ್ಣು, ಹೊಟ್ಟು ಒರೆಸಬೇಕು. ಇದನ್ನು ಬಹಳ ಜನ ಬಿಡ್ತಾರೆ. ಎಣ್ಣೆ ನೋಡೋಕೆ ಹೋಗಿ ಮಣ್ಣನ್ನೇ ಒಳಗೆ ಬೀಳಿಸೋದು ಹೀಗೇ. ಕಡ್ಡಿ ತೆಗೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗೆ ಬಿಟ್ಟು, ತೆಗೆದು ನೋಡಬೇಕು. ಮೇಲಿನ ಗೆರೆ ಮತ್ತು ಕೆಳಗಿನ ಗೆರೆ ನಡುವೆ ಇದ್ದರೆ ಸರಿ. ಕಡ್ಡಿಗೆ ತಿರುಪು ಇದ್ದರೆ, ತಿರುಪು ಬಿಗಿ ಮಾಡಿ ನೋಡಬೇಕೋ ಹಾಗೇ ಕೂರಿಸಿ ನೋಡಬೇಕೋ ಅನ್ನೋದನ್ನು ಪುಸ್ತಕ ಹೇಳುತ್ತೆ. ಕೆಲವು ಗಾಡಿಗಳಲ್ಲಿ ಕಡ್ಡಿ ಇರೋಲ್ಲ, ಪಕ್ಕದಲ್ಲಿ ಒಂದು ಲೆವೆಲ್ ಬೋಲ್ಟ್ ಇರುತ್ತೆ. ಅದನ್ನು ಬಿಚ್ಚಿದಾಗ ಎಣ್ಣೆ ತೂತಿನ ಅಂಚಿನ ತನಕ ಇರಬೇಕು.

ಕಡಿಮೆ ಇದ್ದರೆ ಅದೇ ಜಾತಿಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ಹಾಕಿ ಮತ್ತೆ ಅಳೆಯಬೇಕು. ಗೆರೆ ದಾಟಿ ತುಂಬಿಸೋದೂ ತಪ್ಪೇ. ಜಾಸ್ತಿಯಾದ ಎಣ್ಣೆಯನ್ನು ಗೇರುಗಳು ಕಡೆದು ನೊರೆ ಬರಿಸುತ್ತವೆ, ಗಾಡಿ ಬಿಸಿಯಾಗುತ್ತೆ, ಸೀಲಿನಿಂದ ಹೊರಗೆ ಬರುತ್ತೆ. ಪದೇ ಪದೇ ಕಡಿಮೆಯಾಗ್ತಿದ್ದರೆ ಎಣ್ಣೆ ಎಲ್ಲಿಗೋ ಹೋಗ್ತಿದೆ ಅಂತ ಅರ್ಥ. ಹಿಂದಿನ ಗಾಲಿಯ ಒಳಬದಿ, ಪಿಟಿಓ ಶಾಫ್ಟಿನ ಬುಡ, ಲಿಫ್ಟಿನ ಪೈಪುಗಳು, ಇಷ್ಟನ್ನು ನೋಡಬೇಕು. ಎಂಜಿನ್ ಓಡ್ತಿರುವಾಗ ಹೈಡ್ರಾಲಿಕ್ ಪೈಪಿನ ಸೋರಿಕೆಯನ್ನು ಕೈಯಿಂದ ಸವರಿ ಹುಡುಕೋದು ಬೇಡವೇ ಬೇಡ. ಒತ್ತಡದಲ್ಲಿ ಚಿಮ್ಮೋ ಎಣ್ಣೆ ಸೂಜಿ ಥರ ಚರ್ಮದೊಳಗೆ ಹೋಗುತ್ತೆ. ಅದಕ್ಕೆ ಆಸ್ಪತ್ರೆಗೇ ಓಡಬೇಕಾಗುತ್ತೆ. ಒಂದು ರಟ್ಟಿನ ತುಂಡು ಹಿಡಿದು ನೋಡಲಿ.

ಅಳತೆಯಷ್ಟೇ ಮುಖ್ಯ ಬಣ್ಣ. ಬಿಳಿ ಹಾಳೆ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಚೆನ್ನಾಗಿ ತಿಳಿಯುತ್ತೆ. ಜೇನಿನ ಹಾಗೆ ತಿಳಿಯಾಗಿದ್ದರೆ ಚೆನ್ನಾಗಿದೆ. ಹಾಲು ಹಾಕಿದ ಚಹಾದ ಹಾಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ವಿಪರೀತ ಬಿಸಿಯಾಗಿದೆ, ಅಥವಾ ಬಹಳ ಹಳೆಯದಾಗಿದೆ. ಬಿಸಿಲಿಗೆ ಹಿಡಿದಾಗ ಮಿಣಮಿಣ ಮಿಂಚಿದರೆ ಲೋಹದ ಪುಡಿ. ಎಣ್ಣೆ ಇಳಿಸುವಾಗ ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆ ಮೆತ್ತು ಹತ್ತಿದ್ದರೆ ಗಾಬರಿ ಬೇಡ, ಅದು ಸಹಜ ಸವಕಳಿ. ಕೈಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಗಾಡಿ ನಿಲ್ಲಿಸಿ ತೋರಿಸಬೇಕು.

ನಮ್ಮ ಕಡೆ ನೀರು ಸೇರೋದೇ ದೊಡ್ಡ ಕಾಟ. ಕೇಜ್ ವೀಲ್ ಹಾಕಿ ಕೆಸರು ಗದ್ದೆಗೆ ಇಳಿಸ್ತೀವಿ, ಸಂಜೆ ಕೆರೆಗೋ ಕಾಲುವೆಗೋ ಇಳಿಸಿ ತೊಳೀತೀವಿ, ರಾತ್ರಿ ಬಯಲಲ್ಲಿ ಬಿಡ್ತೀವಿ. ಫೋರ್ ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್ಲಿನಲ್ಲಿ ಬೇರೆಯೇ ಎಣ್ಣೆ ಇರುತ್ತೆ. ಕೆಸರಿನಲ್ಲಿ ಮೊದಲು ಪೆಟ್ಟು ತಿನ್ನೋದು ಅದರ ಸೀಲುಗಳೇ. ಅದನ್ನು ನೋಡೋದು ಇನ್ನೂ ಹೆಚ್ಚು ಜನ ಮರೀತಾರೆ. ಹಾಗಾಗಿ ನಾಟಿ ಹಂಗಾಮು ಮುಗಿದ ವಾರದಲ್ಲೇ ಎರಡೂ ಕಡೆ ಒಂದು ಸಲ ನೋಡಿಬಿಡೋದು ಒಳ್ಳೆಯದು. ಒಂದು ತಗಡಿನ ಶೆಡ್ ಹಾಕೋಕೆ ಆಗದಿದ್ದರೆ ಸೀಟು, ಗೇರ್ ಲಿವರ್ ಮುಚ್ಚುವ ಹಾಗೆ ಟಾರ್ಪಾಲಾದರೂ ಹೊದಿಸಲಿ.

ಎಣ್ಣೆ ಯಾವುದು ಅನ್ನೋದರಲ್ಲೂ ಗೊಂದಲ ಇದೆ. ಅಂಗಡಿಯವರು "ಗೇರ್ ಆಯಿಲ್ ಎಲ್ಲಾ ಒಂದೇ" ಅಂತಾರೆ. ಒಂದೇ ಅಲ್ಲ. ಗೇರು, ಹೈಡ್ರಾಲಿಕ್ಕು, ಬ್ರೇಕು ಮೂರಕ್ಕೂ ಒಂದೇ ಎಣ್ಣೆ ಇರುವ ಗಾಡಿಗೆ ಯುಟಿಟಿಓ ಅನ್ನುವ ಜಾತಿಯ ಎಣ್ಣೆ ಬರುತ್ತೆ. ಬರೀ ಗೇರಿಗೆ ಮಾಡಿದ ದಪ್ಪ ಎಣ್ಣೆ ಅದರಲ್ಲಿ ಸುರಿದರೆ ಪಂಪು ಎಳೆಯೋಕೆ ಒದ್ದಾಡುತ್ತೆ, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಕಿರುಗುಟ್ಟುತ್ತೆ. 80ಡಬ್ಲ್ಯು-90 ಗೇರ್ ಆಯಿಲ್ ಬೇಕು ಅಂತ ಪುಸ್ತಕದಲ್ಲಿ ಬರೆದಿದ್ದರೂ ಜಿಎಲ್-4 ಅಂತಲೋ ಜಿಎಲ್-5 ಅಂತಲೋ ನೋಡಬೇಕು. ಜಿಎಲ್-4 ಹೇಳಿದ ಕಡೆ ಜಿಎಲ್-5 ಹಾಕಿದರೆ ಅದರಲ್ಲಿರುವ ಗಂಧಕದ ಮದ್ದು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದು. ಹಾಗಾಗಿ ಮನೆಯವರು ಪುಸ್ತಕದ ಆ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಲಿ. ಡಬ್ಬಿಯ ಮೇಲಿನ ಅಕ್ಷರಕ್ಕೆ ಹೋಲಿಸಿ ತಗೊಳ್ಳಲಿ. ಬಿಡಿ ಎಣ್ಣೆ ಬೇಡ, ಸೀಲ್ ಇರೋ ಡಬ್ಬಿ ಇರಲಿ.

ಬದಲಿಸೋದು ಯಾವಾಗ? ಟ್ರ್ಯಾಕ್ಟರ್‌ಗೆ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಹೊಸ ಗಾಡಿಯಲ್ಲಿ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಪುಡಿ ಉದುರುತ್ತೆ. ಅದಕ್ಕೇ ಬಹಳ ಕಂಪನಿಗಳು ಮೊದಲ 50 ಗಂಟೆಗೇ ಎಣ್ಣೆಯನ್ನೋ ಫಿಲ್ಟರನ್ನೋ ಬದಲಿಸಿ ಅಂತ ಹೇಳ್ತವೆ. ಆಮೇಲೆ ಎಷ್ಟು ನೂರು ಗಂಟೆಗೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕ ಹೇಳಿದ್ದೇ ಕೊನೆ ಮಾತು. ಎಣ್ಣೆ ಇಳಿಸುವಾಗ ಗಾಡಿ ಸ್ವಲ್ಪ ಓಡಿ ಬೆಚ್ಚಗಿದ್ದರೆ ಕೊಳೆಯೂ ಜೊತೆಗೆ ಇಳಿಯುತ್ತೆ. ಇಳಿಸಿದ ಹಳೇ ಎಣ್ಣೆಯನ್ನು ಬಾವಿ ಕಡೆ, ಬೇಲಿ ಬುಡಕ್ಕೆ ಸುರಿಯಬಾರದು. ಡಬ್ಬಿಗೆ ತುಂಬಿಸಿ ಗ್ಯಾರೇಜಿಗೆ ಕೊಡಲಿ.

ಈಗ ನಮ್ಮ ಕಸುಬಿನ ಮಾತು. ಬಿಕಾಂ ಮೊದಲ ವರ್ಷದಲ್ಲೇ ಒಂದು ಪಾಠ ಇತ್ತು. ಆಸ್ತಿ ತರೋ ಖರ್ಚು ಬೇರೆ, ಆಸ್ತಿ ನಡೆಸೋ ಖರ್ಚು ಬೇರೆ. ಗಾಡಿ ತಗೊಂಡ ದುಡ್ಡು ಮೊದಲನೇದು, ಎಣ್ಣೆ ಎರಡನೇದು. ಮನೆಗಳಲ್ಲಿ ಆಗೋದು ಏನಂದ್ರೆ, ಮೊದಲನೇದಕ್ಕೆ ಎಲ್ಲರೂ ಕೂತು ಮಾತಾಡ್ತಾರೆ, ಎರಡನೇದಕ್ಕೆ ಯಾರೂ ದುಡ್ಡು ತೆಗೆದಿಡೋಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರಗಳಿಗೆ ವರ್ಷಕ್ಕೆ ಶೇ 15 ಸವಕಳಿ ಬರೀತಾರೆ. ಅದು ಕಾಗದದ ಸವಕಳಿ. ಎಣ್ಣೆ ನೋಡದ ಗಾಡಿಯ ಸವಕಳಿ ಈ ಶೇಕಡಾಕ್ಕೆಲ್ಲ ಕಾಯೋದಿಲ್ಲ.

ಒಂದು ಉದಾಹರಣೆ ಹಾಕೋಣ. ಅಂಕಿಗಳು ನಾವೇ ಇಟ್ಟುಕೊಂಡದ್ದು, ನಿಮ್ಮ ಗಾಡಿಯ ಲೆಕ್ಕ ನೀವು ಹಾಕಿಕೊಳ್ಳಿ. ಗೇರ್‌ಬಾಕ್ಸಿಗೆ 15 ಲೀಟರ್ ಎಣ್ಣೆ ಬೇಕು, ಲೀಟರಿಗೆ 250 ರೂಪಾಯಿ ಅನ್ನೋಣ. 3,750 ರೂಪಾಯಿ ಆಯಿತು. ಫಿಲ್ಟರು, ಕೂಲಿ ಸೇರಿ 1,250 ಇಟ್ಟರೆ ಒಟ್ಟು 5,000. ಇದನ್ನು 500 ಗಂಟೆಗೊಮ್ಮೆ ಮಾಡಿದರೆ ಗಂಟೆಗೆ ಬೀಳೋದು ಹತ್ತೇ ರೂಪಾಯಿ. ಗೇರ್‌ಬಾಕ್ಸ್ ಬಿಚ್ಚಿ ಬೇರಿಂಗ್, ಗೇರ್ ಹಾಕಿಸೋಕೆ 60,000 ಅನ್ನೋಣ. ಅದೇ 500 ಗಂಟೆಗೆ ಹಂಚಿದರೆ ಗಂಟೆಗೆ 120. ಸಿಂಗಪುರ ಡಾಲರಿಗೆ ದುಂಡಗೆ 70 ರೂಪಾಯಿ ಹಿಡಿದರೆ ಮೊದಲನೇದು ಸುಮಾರು 71 ಡಾಲರ್, ಎರಡನೇದು ಸುಮಾರು 857 ಡಾಲರ್. ಅದನ್ನು ದುಡಿಯೋಕೆ ಎಷ್ಟು ದಿನ ಓವರ್‌ಟೈಮ್ ಮಾಡಬೇಕು ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ಇದರ ಮೇಲೆ ಗಾಡಿ ನಿಂತ ದಿನಗಳ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲಲಿಲ್ಲ.

ಬಾಡಿಗೆಗೆ ಹೋಗೋ ಗಾಡಿಯಾದರೆ ಇನ್ನೊಂದು ಮಾತು. ಊರಲ್ಲಿ ಬಾಡಿಗೆ ದರ ಹೇಳುವಾಗ ಡೀಸೆಲ್ಲು, ಡ್ರೈವರ್ ಕೂಲಿ ಮಾತ್ರ ಕಳೆದು ಉಳಿದದ್ದೆಲ್ಲ ಲಾಭ ಅಂತ ತಿಳೀತಾರೆ. ಪ್ರತಿ ಗಂಟೆ ಬಾಡಿಗೆಯಿಂದ ಹತ್ತು ಹದಿನೈದು ರೂಪಾಯಿ ಒಂದು ಡಬ್ಬಿಗೆ ಹಾಕಿಸಿ. ಎಣ್ಣೆಯ ಸಮಯ ಬಂದಾಗ ಸಿಂಗಪುರಕ್ಕೆ ಫೋನ್ ಬರೋಲ್ಲ, ಡಬ್ಬಿಯಲ್ಲೇ ದುಡ್ಡಿರುತ್ತೆ. ಇದರಿಂದ ಇನ್ನೊಂದು ಅನುಕೂಲ ಇದೆ. ಎಣ್ಣೆ ಅಣ್ಣನ ದುಡ್ಡಿನದ್ದಲ್ಲ, ತಮ್ಮನ ದುಡಿಮೆಯದ್ದು ಅಂತ ಆಗುತ್ತೆ. ಆಗ ಅದನ್ನು ನೋಡಿಕೊಳ್ಳೋದೂ ಅವನ ಹೆಮ್ಮೆಯ ವಿಷಯವೇ.

ಹಾನಗಲ್ಲಿನ ಮನೆಯಲ್ಲಿ ಈಗ ಒಂದು ನೂರು ಪುಟದ ನೋಟ್‌ಬುಕ್ ಇದೆ. ನಾಲ್ಕೇ ಕಲಂ: ತಾರೀಖು, ಅವರ್ ಮೀಟರ್, ಎಣ್ಣೆ ಗೆರೆ, ಏನು ಮಾಡಿದ್ದು. ಬರೆಯೋದು ತಮ್ಮನ ಹೆಂಡತಿ. ಭಾನುವಾರ ಇಲ್ಲಿ ಒಂಬತ್ತೂವರೆ ಅಂದರೆ ಅಲ್ಲಿ ಬೆಳಿಗ್ಗೆ ಏಳು. ನಾವು ಎರಡೂವರೆ ಗಂಟೆ ಮುಂದೆ ಇದ್ದೇವೆ. ಆ ಹೊತ್ತಿಗೆ ಗಾಡಿ ಇನ್ನೂ ತಣ್ಣಗೆ ಕಣದಲ್ಲಿ ನಿಂತಿರುತ್ತೆ, ಇಲ್ಲಿ ನಮಗೆ ರಜೆ. ಕಡ್ಡಿ ನೋಡೋಕೆ ಇದಕ್ಕಿಂತ ಒಳ್ಳೇ ಹೊತ್ತು ಇಲ್ಲ. ವಿಡಿಯೊ ಕಾಲಿನಲ್ಲಿ ಮೊದಲು ಅವ್ವನ ಕಾಲು ನೋವು, ಮಕ್ಕಳ ಶಾಲೆ, ಆಮೇಲೆ ಎರಡು ನಿಮಿಷ ಕಡ್ಡಿ. ಈ ಕ್ರಮ ತಪ್ಪಬಾರದು ಅಂತ ಗೆಳೆಯ ನಗುತ್ತಾ ಹೇಳ್ತಾನೆ. ಮೊದಲೇ ಕಡ್ಡಿ ಕೇಳಿದರೆ ಆಡಿಟ್, ಆಮೇಲೆ ಕೇಳಿದರೆ ಸಂಸಾರದ ಮಾತು. ತಮ್ಮ ಈಗ ತಾನಾಗೇ ಕಡ್ಡಿ ಎತ್ತಿ ತೋರಿಸಿ, "ನೋಡು, ನಿನ್ನ ಫೋರ್ಕ್‌ಲಿಫ್ಟಿಂದೂ ತೋರಸು" ಅಂತ ಚಾಳಿಸ್ತಾನಂತೆ.

ಕಲಿಯೋ ಮನಸ್ಸಿರುವ ತಮ್ಮಂದಿರಿಗೆ ಜಾಗಗಳಿವೆ. ನಮ್ಮ ಗಡಿಯಾಚೆ ಆಂಧ್ರದ ಅನಂತಪುರ ಜಿಲ್ಲೆ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಬಳ್ಳಾರಿ, ಪಾವಗಡ ಕಡೆಯವರಿಗೆ ಅದು ದೂರವಲ್ಲ. ಯಂತ್ರ ನಡೆಸೋದು, ನಿರ್ವಹಣೆ ಮಾಡೋದು ಎರಡನ್ನೂ ಅಲ್ಲಿ ಕಲಿಸ್ತಾರೆ. ಮಧ್ಯಪ್ರದೇಶದ ಬುಧ್ನಿಯಲ್ಲಿ ಇಂಥದ್ದೇ ಕೇಂದ್ರ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷೆ ಮಾಡಿ ವರದಿ ಕೊಡುತ್ತೆ. ಧಾರವಾಡದ, ಬೆಂಗಳೂರು ಜಿಕೆವಿಕೆಯ ಕೃಷಿ ಮೇಳಗಳಲ್ಲಿ ಕಂಪನಿಯವರೇ ಗಾಡಿ ಜೊತೆ ನಿಂತಿರ್ತಾರೆ. ಬೆಲೆ ಕೇಳೋದರ ಜೊತೆ "ಇದರ ಗೇರ್‌ಬಾಕ್ಸಿಗೆ ಯಾವ ಎಣ್ಣೆ, ಎಷ್ಟು ಲೀಟರು, ಎಷ್ಟು ಗಂಟೆಗೆ, ನಮ್ಮ ತಾಲೂಕಿನಲ್ಲಿ ಫಿಲ್ಟರ್ ಸಿಗುತ್ತಾ" ಅಂತಲೂ ಕೇಳಲಿ. ಉತ್ತರ ನೆಟ್ಟಗೆ ಬಂದ ಕಡೆ ತಗೊಳ್ಳಲಿ. ವರ್ಷದಲ್ಲಿ ಗಾಡಿಗೆ ನೂರು ಗಂಟೆ ಕೆಲಸವೂ ಇಲ್ಲದ ಸಣ್ಣ ಹಿಡುವಳಿಯಾದರೆ, ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರೋದೇ ಲಾಭವಾಗಬಹುದು. ಅದನ್ನೂ ಕಂತಿನ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ.

ಇಲ್ಲಿ ನಾವು ಬೇರೆಯವರ ಕ್ರೇನು, ಬೇರೆಯವರ ಲಾರಿ, ಬೇರೆಯವರ ಜನರೇಟರ್‌ಗಳ ಎಣ್ಣೆಯನ್ನು ದಿನಾ ನೋಡಿ ಸಹಿ ಹಾಕ್ತೀವಿ. ಆ ಶಿಸ್ತು ನಮಗೆ ಇಲ್ಲಿ ಸಿಕ್ಕ ಸಂಪಾದನೆ. ಸಂಬಳದ ಜೊತೆ ಅದನ್ನೂ ಊರಿಗೆ ಕಳಿಸಬಹುದು, ಅದಕ್ಕೆ ಕಮಿಷನ್ ಇಲ್ಲ. ಈ ಭಾನುವಾರ ಫೋನ್ ಮಾಡಿದಾಗ ಗಾಡಿಯ ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆಸಿ, ಎಣ್ಣೆಯ ಪುಟದ ಫೋಟೊ ತರಿಸಿಕೊಳ್ಳಿ. ಹಾನಗಲ್ಲಿನವರ ನೋಟ್‌ಬುಕ್ಕಿನ ನಮೂನೆ ಬೇಕಾದವರು ಭಾನುವಾರ ಸಿಕ್ಕಾಗ ಕೇಳಿ, ಒಂದು ಹಾಳೆಯಲ್ಲಿ ಗೆರೆ ಹಾಕಿ ಕೊಡ್ತೀವಿ.